ಮಳೆಯ ಮೇಲೆ ತಪ್ಪು ಹೊರಿಸಬೇಡಿ



"ಮಳೆ ಬಂದ್ರೆ ಸೋರದೆ ಇರ್ತದೇನಯ್ಯಾ?"

ನಾನು ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ಹೇಳಿದ ಮಾತಿದು. ಹಿಂದಿನ ರಾತ್ರಿ ತಾರಸಿಯ ಗಾರೆ ಹಪ್ಪಳದ ಹಾಗೆ ಕಳಚಿ ಹಾಸಿಗೆ ಮೇಲೆ ಬಿದ್ದಿತ್ತು. ಅಲ್ಲಿ ಮಲಗುತ್ತಿದ್ದ ಹುಡುಗ ನೀರು ಕುಡಿಯೋದಕ್ಕೆ ಎದ್ದು ಹೋಗಿದ್ದ, ಬದುಕಿಕೊಂಡ. ದೂರು ಹೇಳಲು ಹೋದ ನಾವು ಏಳು ಜನ ಈ ಮಾತು ಕೇಳಿ ಸುಮ್ಮನೆ ವಾಪಸ್ಸು ಬಂದೆವು. ಯಾಕೆ ಸುಮ್ಮನಾದೆವು? ನಮ್ಮ ಮನೆಗಳೂ ಸೋರುತ್ತಿದ್ದವು. ಮಳೆ ಬಂದರೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಅನ್ನೋದು ನಮ್ಮವ್ವನಿಗೆ ಕತ್ತಲಲ್ಲೂ ಗೊತ್ತಿತ್ತು. ಸೋರುವುದು ನಮಗೆ ರೂಢಿಯಾಗಿತ್ತು.

ಈ ರೂಢಿಯೇ ನಮ್ಮ ಶತ್ರು.

ಮಳೆ ಊರಿಗೂ ಕೇರಿಗೂ ಒಂದೇ ಸಮ ಸುರಿಯುತ್ತದೆ. ಅದಕ್ಕೆ ಜಾತಿ ಇಲ್ಲ. ಆದರೂ ಊರೊಳಗಿನ ದೊಡ್ಡಮನೆ ಸೋರುವುದಿಲ್ಲ, ಕೇರಿಯ ಮನೆ ಸೋರುತ್ತದೆ. ಅಲ್ಲಿ ಪ್ರತಿ ಬೇಸಿಗೆಯಲ್ಲೂ ಹೆಂಚು ಕೈಯಾಡಿಸುತ್ತಾರೆ. ಒಡೆದದ್ದು ತೆಗೆದು ಹೊಸದು ಹೊದಿಸುತ್ತಾರೆ, ಗೆದ್ದಲು ಹಿಡಿದ ರೀಪರು ಬದಲಿಸುತ್ತಾರೆ. ಹತ್ತಿ ಆ ಕೆಲಸ ಮಾಡುತ್ತಿದ್ದವನು ನಮ್ಮಪ್ಪ. ಅವರ ಮಾಡು ಭದ್ರ ಮಾಡಿ ಸಂಜೆ ಬಂದು ಅವನು ಮಲಗುತ್ತಿದ್ದದ್ದು ಸೋರುವ ಸೂರಿನ ಕೆಳಗೆ. ನಮಗೆ ಕಸುಬು ಗೊತ್ತಿಲ್ಲ ಅಂತಲ್ಲ. ಹೆಂಚಿಗೆ ದುಡ್ಡಿರಲಿಲ್ಲ, ಕೂಲಿ ಬಿಟ್ಟು ಸ್ವಂತ ಮಾಡು ಹತ್ತಲು ಪುರುಸೊತ್ತಿರಲಿಲ್ಲ.

ಸರ್ಕಾರ ಕಟ್ಟಿಕೊಟ್ಟ ತಾರಸಿ ಮನೆಗಳ ಪಾಡೇನು? ತಾರಸಿ ಒಂದೇ ಮಳೆಗೆ ಸಾಯುವುದಿಲ್ಲ. ಹಗಲ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ತಂಪಿಗೆ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾಗಿ ಕೂದಲೆಳೆಯ ಬಿರುಕು ಬೀಳುತ್ತದೆ. ಇಳಿಜಾರು ಕೊಡದೆ ಕಟ್ಟಿದ ಕಡೆ ನೀರು ನಿಲ್ಲುತ್ತದೆ. ನಿಂತ ನೀರು ಬಿರುಕಿನಲ್ಲಿ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ದಬ್ಬುತ್ತದೆ. ಕಂಬಿಯ ಕೆಳಗೆ ಸುಮಾರು 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಅದನ್ನು ಉಳಿಸಿದ ಕಂಟ್ರಾಕ್ಟರನ ಲಾಭ ನಮ್ಮ ಮಕ್ಕಳ ತಲೆ ಮೇಲೆ ಬೀಳುತ್ತದೆ. ಇದು ಮಳೆಯ ತಪ್ಪೇ?

ಕೆಲವು ಗೆಳೆಯರು ಕೇಳುತ್ತಾರೆ: "ಭೂಮಿ ಇಲ್ಲ, ಕೆಲಸ ಇಲ್ಲ, ನೀನು ಹೆಂಚು ತಾರಸಿ ಅಂತ ಕೂತಿದ್ದೀಯಲ್ಲ? ಏನಿದಕ್ಕೆ ಅವಸರ?" ಈ ಪ್ರಶ್ನೆಯನ್ನು ನಿಮಗಿಂತ ಮೊದಲು ಜಮೀನುದಾರರು ಕೇಳಿದ್ದಾರೆ. ಉತ್ತರ ಪ್ರದೇಶದಲ್ಲಿ ದಲಿತರ ಮನೆಗಳಿಗಾಗಿ ಸರ್ಕಾರ ತುರ್ತು ಅಧಿಕಾರ ಬಳಸಿ ಜಮೀನು ವಶಪಡಿಸಿಕೊಂಡಿತು. ಒಡೆಯರು ಕೋರ್ಟಿಗೆ ಹೋದರು. ಮನೆ ಕಟ್ಟಿಕೊಡೋದರಲ್ಲಿ ಅಂಥಾ ತುರ್ತು ಏನಿದೆ ಅನ್ನೋದು ಅವರ ವಾದ. 1995ರಲ್ಲಿ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ವಾದ ತಳ್ಳಿಹಾಕಿತು. ಸೂರು 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಆ ಸೂರು ಭದ್ರವಾಗಿರಬೇಕು, ಗಾಳಿ ಬೆಳಕು ನೀರು ಇರಬೇಕು ಎಂದಿತು. ಅಂದಮೇಲೆ ಸೋರುವ ಮನೆ ನಮ್ಮ ಹಣೆಬರಹ ಅಲ್ಲ, ಕಸಿದುಕೊಂಡ ಹಕ್ಕು.

ಹಕ್ಕು ಕೇಳಲು ಲೆಕ್ಕ ಬೇಕು. 2019ರ ನೆರೆಯಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಎ ಬಂದವರಿಗೆ 5 ಲಕ್ಷ, ಸಿ ಬಂದವರಿಗೆ 50 ಸಾವಿರ. ಒಂದಕ್ಷರದ ಬೆಲೆ ನಾಲ್ಕೂವರೆ ಲಕ್ಷ! ಆ ಅಕ್ಷರ ಬರೆಯುವವನು ಮನೆ ನೋಡಲು ಬಂದಾಗ ನಮ್ಮ ಕೈಯಲ್ಲಿ ಏನಿರುತ್ತದೆ? ಮನೆ ಮೊದಲು ಹೇಗಿತ್ತು ಅನ್ನೋದಕ್ಕೆ ಒಂದು ಫೋಟೋ, ಒಂದು ಚೀಟಿ ಇರುತ್ತದೆಯೇ?

ಅದಕ್ಕೇ ಹೇಳುತ್ತೇನೆ. ಬೇಸಿಗೆ ರಜಕ್ಕೆ ಊರಿಗೆ ಹೋಗುತ್ತೀರಲ್ಲ, ಮುಂಗಾರು ಹಿಡಿಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಕೇರಿಯ ಮನೆಮನೆಗೆ ಹೋಗಿ.

ಹೆಂಚಿನ ಮನೆಯಾದರೆ ಮಧ್ಯಾಹ್ನ ಒಳಗೆ ನಿಂತು ತಲೆ ಎತ್ತಿ ನೋಡಿ. ಬಿಸಿಲು ತೂರಿ ಬರುವ ಕಡೆ ಮಳೆಯೂ ಬರುತ್ತದೆ. ತೊಲೆ, ರೀಪರನ್ನು ಚೂಪು ಕಡ್ಡಿಯಿಂದ ಚುಚ್ಚಿ, ಮೆತ್ತಗಿದ್ದರೆ ಒಳಗೆ ಹಾಳಾಗಿದೆ. ತಾರಸಿಯಾದರೆ ಕೆಳಗಿನಿಂದ ಕಂದು ಕಲೆ, ಬಿಳಿ ಉಪ್ಪು, ಉಬ್ಬು ಹುಡುಕಿ. ಕೋಲಿನಿಂದ ಮೆಲ್ಲಗೆ ತಟ್ಟಿ, ಆದರೆ ನೇರ ಅದರ ಕೆಳಗೆ ನಿಲ್ಲಬೇಡಿ. ಟೊಳ್ಳು ಸದ್ದು ಬಂದರೆ ಆ ಜಾಗದಲ್ಲಿ ಯಾರೂ ಮಲಗಬಾರದು. ಮೇಲೆ ನೀರು ಹೋಗುವ ಕೊಳವೆಯ ಎಲೆ ಕಸ ತೆಗೆಯಿರಿ, ಗೋಡೆ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ ಕೀಳಿರಿ. ಸಿಮೆಂಟ್ ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಒಡೆದು ಕೆಳಗೆ ಬೀಳುತ್ತೀರಿ. ಅದು ಕಲ್ನಾರಿನದಾದರೆ ಒಡೆಯುವುದು, ಕೊಯ್ಯುವುದು, ಕೊರೆಯುವುದು ಬೇಡ. ಅದರ ದೂಳು ಕ್ಯಾನ್ಸರ್ ತರುತ್ತದೆ.

ನೋಡಿದ್ದನ್ನು ತಾರೀಖು ಹಾಕಿ ಬರೆಯಿರಿ, ಫೋಟೋ ತೆಗೆಯಿರಿ. ಮನೆಯವರ ಸಹಿ ಹಾಕಿಸಿ ಪಂಚಾಯಿತಿಗೆ ಕೊಡಿ. ಸ್ವೀಕೃತಿ ಇಲ್ಲದೆ ವಾಪಸ್ಸು ಬರಬೇಡಿ. ಹಾಸ್ಟೆಲಿನದಕ್ಕೂ ಹೀಗೇ ಮಾಡಿ. ಕಟ್ಟಡವನ್ನು ಇಂಜಿನಿಯರು ಕೊನೆಯ ಸಲ ಯಾವಾಗ ನೋಡಿದರು, ಏನು ಬರೆದರು, ರಿಪೇರಿಗೆ ಬಂದ ದುಡ್ಡೆಷ್ಟು, ಖರ್ಚೆಷ್ಟು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಅಂದು ನಾವು ಏಳು ಜನ ಸುಮ್ಮನೆ ಬಂದೆವು. ನೀವು ಬರಬೇಡಿ. "ಮಳೆ ಬಂದ್ರೆ ಸೋರದೆ ಇರ್ತದೇನಯ್ಯಾ" ಅಂದವರಿಗೆ ಕೇಳಿ: "ನಿಮ್ಮ ಮನೆ ಸೋರ್ತದಾ ಸಾರ್?"

ಜೈಭೀಮ್.