ಡಬ್ಬಿ ಒಡೆಯದ ಬಾಲ್ಯ

ಆಟಿಕೆ ಕಾರುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ‘ಪ್ಲೇವೋರ್ನ್’ ಎಂಬ ಪದವೊಂದಿದೆ. ಆಡಿ ಆಡಿ ಸವೆದದ್ದು ಎಂದು ಅರ್ಥ. ಮಾರಾಟದ ವಿವರದಲ್ಲಿ ಈ ಪದ ಕಂಡಿತೆಂದರೆ ಬೆಲೆ ಬಿತ್ತು. ಬೆಲೆಯೆಲ್ಲ ಇರುವುದು ‘ಮಿಂಟ್’ಗೆ, ಅದರಲ್ಲೂ ಡಬ್ಬಿಯಿಂದ ಹೊರಗೇ ಬಾರದ ಮಿಂಟ್‌ಗೆ. ಹಳೆಯ ಡಿಂಕಿ ಕಾರಿನ ಜೊತೆ ಅದರ ಮೂಲ ರಟ್ಟಿನ ಡಬ್ಬಿಯೂ ಇದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಡಬ್ಬಿ ಕಳೆದುಕೊಂಡವರಿಗೆಂದು ಅದರ ನಕಲು ಮುದ್ರಿಸಿ ಮಾರುವವರೂ ಇದ್ದಾರೆ. ಮಗುವಿನ ಕೈಗೆ ಸಿಕ್ಕಿದ್ದೇ ಆಟಿಕೆಯ ಊನ ಎಂದು ತೀರ್ಮಾನಿಸಿದ ಮೇಲೆ ಇದನ್ನು ‘ಬಾಲ್ಯದ ಸಂಗ್ರಹ’ ಎಂದು ಕರೆಯುವುದೇಕೆ? ಕಾರ್ಖಾನೆಯ ಸಂಗ್ರಹ ಎನ್ನಿ, ನನ್ನ ತಕರಾರಿಲ್ಲ.

ಈ ಕಾರುಗಳ ಹುಟ್ಟಿನ ಕತೆಯೇ ಈ ಹುಚ್ಚಿಗೆ ವಿರುದ್ಧವಾಗಿದೆ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಯುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮವಿತ್ತಂತೆ. ಅಪ್ಪ ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಹೊರಟ ಕಾರುಗಳ ಮೂಲ ಅದು. ಕಿಸೆಯಲ್ಲಿಟ್ಟುಕೊಂಡು ಸಾಲಿಗೆ ಒಯ್ಯಲೆಂದೇ ಹುಟ್ಟಿದ ವಸ್ತು ಈಗ ಗಾಜಿನ ಕಪಾಟಿನಲ್ಲಿ, ತೇವ ಹೀರುವ ಪುಡಿಯ ಪೊಟ್ಟಣದ ಪಕ್ಕದಲ್ಲಿ ಕೂತಿದೆ. ಅಲ್ಲಿಯೂ ಅದಕ್ಕೆ ಶಾಶ್ವತವಿಲ್ಲ ಎನ್ನುವುದು ಬೇರೆ ಮಾತು. ಇವುಗಳ ಲೋಹ ಮುಖ್ಯವಾಗಿ ಸತು. ಎರಕದಲ್ಲಿ ತುಸು ಸೀಸ ಬೆರೆತಿದ್ದರೂ ವರ್ಷಗಳ ಮೇಲೆ ಒಳಗಿನಿಂದಲೇ ಬಿರುಕು ಬಿಡುತ್ತದೆ. ಎರಡನೇ ಮಹಾಯುದ್ಧದ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಯಾರೂ ಮುಟ್ಟದೆಯೇ ಪುಡಿಯಾಗಿವೆ.

ಸಂಗ್ರಾಹಕರನ್ನು ಮೂರ್ಖರೆಂದು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು ಅಲ್ಲಿ ‘ನಿಕಿ ಟಾಯ್ಸ್’ ಆದದ್ದು, 1980ರ ದಶಕದಲ್ಲಿ ‘ಲಿಯೋ’ ಹೆಸರಿನಡಿ ಹಾಟ್ ವೀಲ್ಸ್ ಕಾರುಗಳು ಇಲ್ಲಿಯೇ ತಯಾರಾದದ್ದು ನಮಗೆ ಗೊತ್ತಿರುವುದು ಅವರಿಂದ, ಯಾವ ವಿಶ್ವವಿದ್ಯಾಲಯದಿಂದಲೂ ಅಲ್ಲ. ಕಾರನ್ನು ತಿರುವಿ ಹಾಕಿ ಅದರ ತಳದ ಅಕ್ಷರಗಳನ್ನು ಅವರು ಓದುವ ಶ್ರದ್ಧೆ ಶಾಸನ ಓದುವವರದ್ದು. ನನ್ನ ಜಗಳ ಇರುವುದು ಆ ಶ್ರದ್ಧೆ ತಳದಲ್ಲೇ ನಿಂತುಬಿಡುತ್ತದೆ ಎಂಬುದಕ್ಕೆ. ಕಾರ್ಖಾನೆ ಬರೆದದ್ದನ್ನು ಓದುತ್ತಾರೆ, ಮಕ್ಕಳು ಬರೆದದ್ದನ್ನು ಒರೆಸುತ್ತಾರೆ.

ಮಕ್ಕಳು ಏನು ಬರೆದರು? ನಮ್ಮ ಮೂಡಲಗಿಯ ಮಾತನ್ನೇ ತೆಗೆದುಕೊಳ್ಳಿ. ಓಣಿಗೆ ಲೋಹದ ಕಾರು ಬರುತ್ತಿದ್ದ ದಾರಿ ಎರಡೋ ಮೂರೋ. ಶಿವಬೋಧರಂಗನ ಜಾತ್ರೆಯ ಅಂಗಡಿ, ಸೂಟಿಗೆ ಪುಣೆಯಿಂದಲೋ ಬೆಳಗಾವಿಯಿಂದಲೋ ಬರುವ ಕಾಕಾನ ಚೀಲ, ಇಲ್ಲವೆ ಉಳ್ಳವರ ಮನೆಯ ಹುಡುಗ ಬ್ಯಾಸರಾಗಿ ಬಿಟ್ಟುಕೊಟ್ಟದ್ದು. ಬಂದ ಕಾರು ಒಬ್ಬನದಾಗಿ ಉಳಿಯುತ್ತಿರಲಿಲ್ಲ. ಗೋಲಿ ಕೊಟ್ಟು ಒಂದು ದಿನದ ಮಟ್ಟಿಗೆ ಪಡೆಯಬಹುದಿತ್ತು. ಟೈರು ಕಳೆದರೆ ಸೈಕಲ್ಲಿನ ವಾಲ್ವ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ತೊಡಿಸುತ್ತಿದ್ದರು. ಅಚ್ಚು ಮುರಿದರೆ ಹಳೆಯ ಸ್ಪೋಕಿನ ತುಂಡು. ಬೆನ್ನಿಗೆ ದಾರ ಕಟ್ಟಿ, ಒಂದರ ಹಿಂದೊಂದು ಎರಡು ಖಾಲಿ ಬೆಂಕಿಪೊಟ್ಟಣ ಜೋಡಿಸಿ, ಜೋಳದ ದಂಟಿನ ಚೂರುಗಳನ್ನು ಕಬ್ಬೆಂದು ಹೇರಿದರೆ ಇಟಲಿಯ ಓಟದ ಕಾರು ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್. ಹಿಂಭಾಗದಲ್ಲಿ ಅಕ್ಕನ ಉಗುರುಬಣ್ಣದಿಂದ ಡೊಂಕಾಗಿ ‘ಕೆಎ 49’. ಗೋಕಾಕ ಆರ್‌ಟಿಒದ ನೋಂದಣಿ ಸಂಖ್ಯೆ ಅದು. ನಂಬರ್ ಪ್ಲೇಟ್ ಇಲ್ಲದೆ ಗಾಡಿ ರಸ್ತೆಗಿಳಿಯಬಾರದೆಂಬ ಕಾನೂನು ಏಳು ವರ್ಷದ ಹುಡುಗನಿಗೆ ಗೊತ್ತಿತ್ತು. ಹೆಲ್ಮೆಟ್ಟಿನ ಕಾನೂನು ಅವನ ಅಪ್ಪನಿಗೆ ಗೊತ್ತಿರಲಿಲ್ಲ, ಇರಲಿ.

ಇಂಥ ಕಾರೊಂದು ಇಂದು ‘ರೆಸ್ಟೋರೇಷನ್’ ಮಾಡುವವರ ಕೈಗೆ ಸಿಕ್ಕರೆ ಏನಾಗುತ್ತದೆ? ತಳದ ರಿವೆಟ್ ಕೊರೆದು ಬಿಚ್ಚುತ್ತಾರೆ. ಬಣ್ಣ ಕರಗಿಸುವ ದ್ರಾವಣದಲ್ಲಿ ಅದ್ದುತ್ತಾರೆ. ಉಗುರುಬಣ್ಣ, ಸ್ಪೋಕಿನ ತುಂಡು, ವಾಲ್ವ್ ಟ್ಯೂಬು ಎಲ್ಲ ಕಸಕ್ಕೆ. ಆಮೇಲೆ ಹೊಸ ಬಣ್ಣ, ಹೊಸ ಗಾಲಿ, ಹತ್ತು ನಿಮಿಷದ ವಿಡಿಯೊ, ಸಾವಿರಾರು ಮೆಚ್ಚುಗೆ. ಹಸ್ತಪ್ರತಿಯೊಂದರ ಅಂಚಿನ ಟಿಪ್ಪಣಿಗಳನ್ನೆಲ್ಲ ಅಳಿಸಿ ‘ಮೂಲಕ್ಕೆ ತಂದೆ’ ಎಂದು ಯಾರಾದರೂ ಹೇಳಿದ್ದರೆ ಸಾಹಿತ್ಯದವರು ಬೀದಿಗಿಳಿಯುತ್ತಿದ್ದರು. ಅದೇ ಕೆಲಸವನ್ನು ಮಗುವಿನ ಕೈಬರಹದ ಮೇಲೆ ಮಾಡಿದರೆ ಅದು ಹವ್ಯಾಸ.

ಇದನ್ನೋದಿ ಇನ್ನೊಂದು ಬಣ ಚಪ್ಪಾಳೆ ತಟ್ಟಬಹುದು. ಹಳ್ಳಿಯ ಮಕ್ಕಳಿಗೆ ಇಂಗ್ಲೆಂಡಿನ ಕಾರು ಯಾಕೆ, ಮಣ್ಣಿನ ಬಸವಣ್ಣ ಇರಲಿಲ್ಲವೇ, ಗೋಕಾಕದ ಕಟ್ಟಿಗೆಯ ಗೊಂಬೆ ಇರಲಿಲ್ಲವೇ ಎಂದು. ಅವರ ಚಪ್ಪಾಳೆ ನನಗೆ ಬೇಡ. ಮಣ್ಣೆತ್ತೂ ಇತ್ತು, ಕಾರೂ ಇತ್ತು, ಒಂದೇ ಹುಡುಗನ ಎರಡು ಕೈಯಲ್ಲಿ. ಮಣ್ಣೆತ್ತನ್ನು ತೋರಿಸಿ ಕಾರನ್ನು ಬೈಯುವವರೂ ಡಬ್ಬಿ ಒಡೆಯದವರೇ. ಅವರ ಡಬ್ಬಿಯ ಮೇಲೆ ‘ದೇಸಿ’ ಎಂದು ಬರೆದಿದೆ, ಅಷ್ಟೇ ವ್ಯತ್ಯಾಸ.

ಆದರೆ ಮಣ್ಣೆತ್ತಿನಿಂದ ಕಲಿಯಬೇಕಾದ್ದು ಬೇರೆಯೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ತಂದ ಹಸಿ ಮಣ್ಣಿನ ಎತ್ತುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತವೆ. ಮರುದಿನ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮಕ್ಕಳು ಕಾಲು ಮುರಿದ ಒಂದು ಎತ್ತನ್ನು ಹಿಡಿದು, ಹಾಡುತ್ತ ಮನೆಮನೆಗೆ ಹೋಗಿ ಅದರ ಹೆಸರಿನಲ್ಲಿ ಕಾಳು ಕೇಳುತ್ತಾರೆ. ಗಮನಿಸಿ, ಕಾಳು ದಕ್ಕುವುದು ಕುಂಟೆತ್ತಿಗೆ. ನಾಲ್ಕೂ ಕಾಲು ನೆಟ್ಟಗಿರುವ ಎತ್ತನ್ನು ಹಿಡಿದು ಬಾಗಿಲಿಗೆ ಹೋದರೆ ಕೇಳುವುದಕ್ಕೆ ನೆಪವೇ ಇಲ್ಲ. ಮುರಿದದ್ದಕ್ಕೇ ಬೆಲೆ ಕಟ್ಟುವ ಇಂಥದೊಂದು ಲೆಕ್ಕ ಮನೆಯಲ್ಲೇ ಇದ್ದೂ, ನಮ್ಮ ಕಡೆಯ ಹೊಸ ಸಂಗ್ರಾಹಕರು ‘ಮಿಂಟ್’ ಎಂಬ ಲಂಡನ್ನಿನ ಹರಾಜುಕಟ್ಟೆಯ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡಿದ್ದಾರೆ.

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಪಾಲೂ ಇದರಲ್ಲಿದೆ. ನಮ್ಮ ಜಾನಪದ ಅಧ್ಯಯನದಲ್ಲಿ ‘ಮಕ್ಕಳ ಆಟಗಳು’ ಎಂಬ ಅಧ್ಯಾಯ ಚಿಣಿಫಣಿ, ಲಗೋರಿ, ಗೋಲಿ, ಕುಂಟಾಬಿಲ್ಲೆ ದಾಟಿ ಮುಂದಕ್ಕೆ ಹೋಗುವುದು ಅಪರೂಪ. ಕಾರ್ಖಾನೆಯಲ್ಲಿ ಹುಟ್ಟಿದ ವಸ್ತು ಹಳ್ಳಿಯ ಮಗುವಿನ ಕೈಗೆ ಬಿದ್ದು ಬೇರೆಯೇ ಆಗುವುದನ್ನು ನಾವು ಜಾನಪದವೆಂದು ಒಪ್ಪುವುದಿಲ್ಲ. ಪಂಪ್‌ಸೆಟ್ಟಿನ ಬಗ್ಗೆ ಬಾಯಿಮಾತಿನ ಹಾಡು ಸಿಕ್ಕರೆ ಖುಷಿಯಿಂದ ಬರೆದುಕೊಳ್ಳುತ್ತೇವೆ. ಕೆಎ 49 ಎಂದು ಬರೆದ ಫೆರಾರಿ ಸಿಕ್ಕರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಅದು ಹಳೆಯದಲ್ಲ, ಸಂಗ್ರಾಹಕನಿಗೆ ಅದು ಮಿಂಟ್ ಅಲ್ಲ.

ಹಾಗಾಗಿ ಅದು ಗುಜರಿಗೆ ಹೋಗುತ್ತದೆ. ಅಟ್ಟ ಸ್ವಚ್ಛ ಮಾಡುವಾಗ ಹಳೆಯ ನಟ್ಟು ಬೋಲ್ಟಿನ ಡಬ್ಬಿಯ ಜೊತೆ ಹೊರಗೆ ಬಂದ ಕಾರಿಗೆ ಗುಜರಿಯವನು ಅಯಸ್ಕಾಂತ ಹಿಡಿದು ನೋಡುತ್ತಾನೆ. ಅಂಟುವುದಿಲ್ಲ, ಸತುವಲ್ಲವೇ. ಕಬ್ಬಿಣದ ರಾಶಿಯಿಂದ ಬೇರೆ ಮಾಡಿ ಇನ್ನೊಂದು ಚೀಲಕ್ಕೆ ಎಸೆದು ಕೆಜಿ ಲೆಕ್ಕದಲ್ಲಿ ತೂಗುತ್ತಾನೆ. ನಿಜವಾದ ಸಂಗ್ರಾಹಕ ಹೋಗಿ ನಿಲ್ಲಬೇಕಾದ ಜಾಗ ಆ ತಕ್ಕಡಿಯ ಮುಂದೆ. ಕೊಂಡ ಮೇಲೆ ತೊಳೆಯಬೇಡಿ. ಯಾರ ಮನೆಯದು, ಗಾಲಿ ಯಾರು ಹಾಕಿದ್ದು, ಏನು ಹೇರುತ್ತಿದ್ದರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ದಾರದಿಂದ ಅದಕ್ಕೇ ಕಟ್ಟಿಡಿ. ಹೇಗೂ ದಾರ ಕಟ್ಟಲು ಹಿಂದೊಂದು ಕೊಕ್ಕೆಯನ್ನು ಆ ಹುಡುಗರು ಮೊದಲೇ ಬಗ್ಗಿಸಿ ಇಟ್ಟಿರುತ್ತಾರೆ.