ಜಪಾನ್ ಹಬ್ಬಕ್ಕೆ ಹೋಗಿಬಂದದ್ದು

ಜಾತ್ರೆಗೆಂದು ಊರು ಬಿಟ್ಟು ಹೊರಡುವುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಆದರೆ ಸಮುದ್ರದಾಚೆಯ ನಾಡೊಂದರ ಹಬ್ಬವನ್ನು ಕಾಣಲೆಂದು ಕೊಳ್ಳೇಗಾಲದಿಂದ ಹೊರಟೆವೆಂದರೆ ವಾಚಕ ಬಂಧುಗಳು ನಕ್ಕಾರು. ಬೆಂಗಳೂರಿನಲ್ಲಿ 2005ರಿಂದ ನಡೆದು ಬಂದಿರುವ 'ಜಪಾನ್ ಹಬ್ಬ'ಕ್ಕೆ ನಮ್ಮನ್ನು ಕರೆದವನು ಯಳಂದೂರಿನ ಮಿತ್ರರ ಮಗ. ಅವನು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗಿ. ಕರೆಯ ಹಿಂದೆ ಒಂದು ಒಳಕಾರಣವೂ ಇತ್ತು. ತಂದೆಯ ಎರಡು ಎಕರೆ ಹಿಪ್ಪುನೇರಳೆಯನ್ನು ಕೀಳಿಸಿ ತೆಂಗು ಹಾಕಿಸಬೇಕೆಂದು ಆತ ಹಟ ಹಿಡಿದಿದ್ದನು. ಸ್ನೇಹಿತರಾದ ನಾವು ಅದಕ್ಕೆ ಹೂಂಗುಟ್ಟಬೇಕಾಗಿತ್ತು.

ಹನೂರಿನ ನಿವೃತ್ತ ಉಪಾಧ್ಯಾಯರು, ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚಿಸುವ ಮಿತ್ರರು, ಯಳಂದೂರಿನವರು ಹಾಗೂ ನಾವು ನಸುಕಿನಲ್ಲೇ ಹೊರಟೆವು. ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ, ಮಳವಳ್ಳಿ, ಕನಕಪುರಗಳ ಮಾರ್ಗವಾಗಿ ಬೆಂಗಳೂರನ್ನು ಸೇರಿದಾಗ ಸಭಾಂಗಣದ ಮುಂದೆ ಎಳೆಯರ ದೊಡ್ಡ ಸಾಲೇ ನಿಂತಿತ್ತು.

ಕಾಗದ ಮಡಿಸಿ ಕೊಕ್ಕರೆ ಮಾಡುವುದನ್ನೂ ಕುಂಚದ ಬರಹವನ್ನೂ ನೋಡಿ ಮುಂದೆ ಸಾಗಿದೆವು. ನೂಲಿನ ಮಿತ್ರರ ಕಣ್ಣು ಇದ್ದುದು ಉಡುಪಿನ ಮೇಲೆ. ಆಸಕ್ತರಿಗೆ ಜಪಾನೀ ನಿಲುವಂಗಿಯನ್ನು ಉಡಿಸುವ ಕಡೆಗೆ ಹೋಗಿ, ಅಂಚನ್ನು ಎರಡು ಬೆರಳಿನ ನಡುವೆ ಹೊಸಕಿ ನೋಡಿ, "ಹತ್ತಿ ಸ್ವಾಮಿ ಇದು!" ಎಂದು ಮೋರೆ ಸಣ್ಣದು ಮಾಡಿದರು. ಹೌದು, ಅದು ಯುಕಾತಾ, ಬೇಸಗೆಯ ಹತ್ತಿಯುಡುಪು. ರೇಷ್ಮೆಯ ಕಿಮೋನೊ ಬೇರೆ. ಒಂದೇ ಥಾನಿನ ಕಿರಿದಗಲದ ಬಟ್ಟೆಯನ್ನು ನೇರ ತುಂಡುಗಳಾಗಿ ಕತ್ತರಿಸಿ ಅದನ್ನು ಹೊಲಿಯುತ್ತಾರೆ, ಚೂರೂ ವ್ಯರ್ಥವಾಗದು. ಹೊಲಿಗೆ ಬಿಚ್ಚಿದರೆ ಮತ್ತೆ ಬಟ್ಟೆಯಾಗಿಯೇ ಉಳಿಯುತ್ತದೆ. ನಮ್ಮ ಸೀರೆಗೆ ಅದು ದೂರದ ನೆಂಟನೆಂದೇ ನಮಗೆ ತೋರಿತು.

ಮಧ್ಯಾಹ್ನ ನಗಾರಿಯ ಗತ್ತಿಗೆ ಮಂಡಲಾಕಾರದ ಕುಣಿತ ಮೊದಲಾಯಿತು. ಗತಿಸಿದ ಹಿರಿಯರು ಮನೆಗೆ ಬರುವರೆಂದು ನಂಬಿದ ದಿನಗಳಲ್ಲಿ ಜಪಾನೀಯರು ಆಡುವ ಬೋನ್ ನೃತ್ಯವದು. ಉಪಾಧ್ಯಾಯರು ಮಹಾಲಯ ಅಮಾವಾಸ್ಯೆಯ ಮಾದಪ್ಪನ ಬೆಟ್ಟವನ್ನು ನೆನೆದರು; ಕಂಸಾಳೆಯ ಲೆಕ್ಕದಲ್ಲಿ ಅವರ ಪಾದವೂ ತಾಳ ಹಾಕುತ್ತಿತ್ತು. ಅವರನ್ನು ವೃತ್ತದೊಳಕ್ಕೆ ಕರೆದರು, ಅವರು ಹೋಗಲಿಲ್ಲ. ನಾವಾದರೂ ತಳ್ಳಬೇಕಿತ್ತು.

ಊಟಕ್ಕೆ ಕುಳಿತಾಗ ಮಗನು ತನ್ನ ಮಾತನ್ನು ತೆಗೆದನು. "ಜಪಾನಿನವರೇ ಹುಳು ಸಾಕೋದು ಬಿಟ್ಟಿದ್ದಾರೆ, ಅಪ್ಪ. ನಿಮಗ್ಯಾಕೆ?"

ಮಾತು ಸುಳ್ಳಲ್ಲ. 1929ರ ಸುಮಾರಿಗೆ ಆ ದೇಶದಲ್ಲಿ 22 ಲಕ್ಷ ರೈತ ಕುಟುಂಬಗಳು ರೇಷ್ಮೆಹುಳು ಸಾಕುತ್ತಿದ್ದವು. 2020ರಲ್ಲಿ ಉಳಿದವು 300ಕ್ಕೂ ಕಡಿಮೆ. ಆ ಜನರ ವಿದ್ಯೆಯೇ ನಮ್ಮಲ್ಲಿಗೂ ಬಂದದ್ದು. ಜಮ್‌ಶೆಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಮಾಡಿದರು. 1991ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯು ಜಪಾನ್ ಸರ್ಕಾರದ ಸಹಕಾರ ಸಂಸ್ಥೆಯೊಡನೆ ದ್ವಿತಳಿ ಯೋಜನೆಯನ್ನು ಕೈಗೊಂಡಿತು. ಮೈಸೂರಿನ ಸಂಶೋಧನಾಲಯದಿಂದ ಹೊಸ ತಳಿಗಳು ಹೊರಬಂದವು. ಯಳಂದೂರಿನ ಮಿತ್ರರು ಇಂದು ಬೆಳೆಯುತ್ತಿರುವುದೂ ಆ ದ್ವಿತಳಿ ಗೂಡನ್ನೇ. ಆದರೆ ಸೊಪ್ಪು ಕೊಯ್ಯಲು ಆಳಿಲ್ಲ, ಮಂಡಿನೋವು, ಗೂಡಿನ ಬೆಲೆ ಒಂದು ವಾರವಿದ್ದಂತೆ ಇನ್ನೊಂದು ವಾರವಿಲ್ಲ. ಮಗನನ್ನು ಜರೆಯಲು ನಮಗೆ ಬಾಯಿ ಬರಲಿಲ್ಲ.

ಮಿತ್ರರು ಮಾತ್ರ ಸಭಾಂಗಣದ ಕಡೆಗೆ ಕೈ ಮಾಡಿ, "ಕಿಮೋನೊ ಐತೆ, ಕುಣಿತ ಐತೆ. ಹುಳ ಸಾಕೋನು ಎಲ್ಲಿ ಹೋದ?" ಎಂದರು. ಮಗ ಉತ್ತರಿಸಲಿಲ್ಲ. ನಾವೂ ಹೂಂಗುಟ್ಟಲಿಲ್ಲ.

ರಾತ್ರಿ ಹಿಂತಿರುಗುವಾಗ ಮಳವಳ್ಳಿಯವರೆಗೆ ಯಾರೂ ಮಾತನಾಡಲಿಲ್ಲ. ಕೊಳ್ಳೇಗಾಲದಲ್ಲಿ ಇಳಿಯುವ ಮುನ್ನ ತೋಟದ ವಿಚಾರ ಏನಾಯಿತೆಂದು ಕೇಳಿದೆವು. "ಹುಳ ನಾಲ್ಕನೇ ಜ್ವರ ಎದ್ದದೆ ಸ್ವಾಮಿ. ಚಂದ್ರಿಕೆಗೆ ಏರ್ಲಿ, ಆಮೇಲೆ ನೋಡನ" ಎಂದು ಹೇಳಿ, ಬೆಳಗಿನ ಸೊಪ್ಪಿಗೆ ಹೊತ್ತಾಗುವುದೆಂದು ಅವಸರದಿಂದ ಯಳಂದೂರಿನ ಕಡೆಗೆ ಹೊರಟರು.