ಬರೆಯೋರು ಬೇಕಾದಷ್ಟು, ಓದೋರು ಎಲ್ಲಿ?

ಕಂಪ್ಯೂಟರ್ ಓದೋಕೆ ಅಂತ ಇಲ್ಲಿಗೆ ಬಂದ ನಾವು ಕನ್ನಡದವರು ಇಬ್ಬರು ಸೇರಿದರೆ ಮಾತು ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇಂಟರ್ನ್‌ಶಿಪ್ ಸಿಕ್ತಾ? ಯಾವ ಪ್ರಾಜೆಕ್ಟ್ ಮಾಡಿದೆ? "ಏನು ಬರೆದೆ" ಅಂತ ಎಲ್ಲರೂ ಕೇಳ್ತಾರೆ, "ಯಾರ ಕೋಡ್ ಓದಿದೆ" ಅಂತ ಯಾರೂ ಕೇಳಲ್ಲ. ಓದುವ ಕೆಲಸ, ಅಂದರೆ ಕೋಡ್ ರಿವ್ಯೂ, ಸೀನಿಯರ್‌ಗಳಿಗೆ ಬಿಟ್ಟದ್ದು ಅಂತ ನಾವು ಅಂದುಕೊಂಡಿದ್ದೀವಿ. ನಮ್ಮ ಅಭಿಪ್ರಾಯ ಬೇರೆ. ವಿದ್ಯಾರ್ಥಿಗಳು ರಿವ್ಯೂನಿಂದಲೇ ಶುರು ಮಾಡಬೇಕು. ಅದಕ್ಕೆ ಲಿನಕ್ಸ್ ಕರ್ನಲ್‌ನ ಎಲ್‌ಇಡಿ ಡ್ರೈವರ್‌ಗಿಂತ ಒಳ್ಳೆಯ ಪಾಠಶಾಲೆ ಸಿಗೋದು ಕಷ್ಟ.

ಎಲ್‌ಇಡಿಯಾ? ಒಂದು ದೀಪ ಹಚ್ಚಿ ಆರಿಸೋದರಲ್ಲಿ ಓದೋಕೆ ಏನಿದೆ ಅಂತ ನಗಬೇಡಿ. ಕರ್ನಲ್‌ನಲ್ಲಿ ಎಲ್‌ಇಡಿಗೆ ಅಂತಲೇ ಒಂದು ವಿಭಾಗ ಇದೆ. ರಿಚರ್ಡ್ ಪರ್ಡಿ ಬರೆದ ಈ ವ್ಯವಸ್ಥೆ 2006ರಲ್ಲಿ, 2.6.17ನೇ ಆವೃತ್ತಿಯಲ್ಲಿ ಸೇರಿತು. ಕೀಬೋರ್ಡಿನ ಕ್ಯಾಪ್ಸ್‌ಲಾಕ್ ದೀಪ, ರೌಟರಿನಲ್ಲಿ ಮಿಣಮಿಣ ಅನ್ನೋ ದೀಪ, ಇವೆಲ್ಲ ಇದರಡಿ ಬರುತ್ತವೆ. ಇದರಲ್ಲಿ 'ಟ್ರಿಗರ್' ಅನ್ನೋ ಅನುಕೂಲವೂ ಇದೆ. ಡಿಸ್ಕ್ ಓಡಿದಾಗ ದೀಪ ಮಿನುಗಲಿ, ನೆಟ್‌ವರ್ಕ್‌ನಲ್ಲಿ ಡೇಟಾ ಹರಿದಾಗ ಮಿನುಗಲಿ ಅಂತ ಹೇಳಬಹುದು. 'ಹಾರ್ಟ್‌ಬೀಟ್' ಅಂತ ಕೊಟ್ಟರೆ ಯಂತ್ರದ ಮೇಲೆ ಕೆಲಸದ ಹೊರೆ ಹೆಚ್ಚಿದಂತೆ ದೀಪದ ಎದೆಬಡಿತವೂ ಹೆಚ್ಚುತ್ತದೆ.

ಈಗ ಒಬ್ಬರು ಹೊಸ ಎಲ್‌ಇಡಿ ಚಿಪ್‌ಗೆ ಡ್ರೈವರ್ ಬರೆದು ಕಳಿಸಿದ್ದಾರೆ ಅಂದುಕೊಳ್ಳಿ. ಮುನ್ನೂರು ಸಾಲು. ಬೋರ್ಡಿನಲ್ಲಿ ದೀಪ ಉರಿಯುತ್ತಿದೆ. ಎಲ್ಲ ಸರಿ ಇದೆ ಅಂತ ಕಾಣುತ್ತದೆ. ಓದುವವರು ಏನು ನೋಡಬೇಕು?

ಮೊದಲನೆಯದು, ನಿದ್ದೆ. ಚಿಪ್ ಐ-ಸ್ಕ್ವೇರ್ಡ್-ಸಿ ತಂತಿಯ ಮೇಲೆ ಕೂತಿದ್ದರೆ, ಅದರ ಜೊತೆ ಮಾತಾಡುವಾಗ ಕರ್ನಲ್ ಉತ್ತರಕ್ಕಾಗಿ ಕಾಯಬೇಕು, ಅಂದರೆ ಆ ಕೆಲಸ ಸ್ವಲ್ಪ ಹೊತ್ತು ಮಲಗಬೇಕು. ಆದರೆ ಟ್ರಿಗರ್‌ಗಳು ಟೈಮರ್ ಒಳಗಿಂದ, ಮಲಗೋಕೆ ಅವಕಾಶವೇ ಇಲ್ಲದ ಜಾಗದಿಂದ ದೀಪ ಬದಲಿಸು ಅಂತ ಕರೆಯಬಹುದು. ಅದಕ್ಕೇ ಎರಡು ಬಾಗಿಲು ಇಟ್ಟಿದ್ದಾರೆ: 'ಬ್ರೈಟ್‌ನೆಸ್ ಸೆಟ್' ಮತ್ತು 'ಬ್ರೈಟ್‌ನೆಸ್ ಸೆಟ್ ಬ್ಲಾಕಿಂಗ್'. ಎರಡನೆಯದನ್ನು ಕೊಟ್ಟರೆ ಕರ್ನಲ್ ಆ ಕೆಲಸವನ್ನು ಮಲಗಬಹುದಾದ ಜಾಗಕ್ಕೆ ತಾನೇ ಸಾಗಿಸುತ್ತದೆ. ಬರೆದವರು ಮೊದಲನೆಯದನ್ನು ಕೊಟ್ಟಿದ್ದರೆ, ಕೈಯಿಂದ ಹಚ್ಚಿ ಆರಿಸಿ ನೋಡಿದಾಗ ಏನೂ ಆಗಲ್ಲ. ಯಾರೋ ಒಂದು ದಿನ ಹಾರ್ಟ್‌ಬೀಟ್ ಹಾಕಿದಾಗ ಇಡೀ ಯಂತ್ರವೇ ಸಿಕ್ಕಿಕೊಳ್ಳಬಹುದು.

ಎರಡನೆಯದು, ಅಳತೆ. ಗರಿಷ್ಠ ಹೊಳಪು ಎಷ್ಟು ಅಂತ ಡ್ರೈವರ್ ಹೇಳದೇ ಹೋದರೆ ಕರ್ನಲ್ 255 ಅಂತ ಹಿಡಿಯುತ್ತದೆ. ಚಿಪ್‌ಗೆ ಇರೋದು ನಾಲ್ಕೇ ಬಿಟ್, ಅಂದರೆ 15ರ ತನಕ ಮಾತ್ರ ಅಂದುಕೊಳ್ಳಿ. ಆಗ 200 ಅಂತ ಬರೆದರೆ ಪಕ್ಕದ ಬಿಟ್‌ಗಳಲ್ಲಿರೋ ಬೇರೆ ಸೆಟ್ಟಿಂಗ್ ಕೆಡಬಹುದು.

ಮೂರನೆಯದು, ಬೀಳ್ಕೊಡುಗೆ. ಇದನ್ನು ಅನುಭವಸ್ಥರೂ ತಪ್ಪಿಸಿಕೊಳ್ಳುತ್ತಾರೆ. ಡ್ರೈವರನ್ನು ತೆಗೆಯುವಾಗ ಕರ್ನಲ್ ಕೊನೆಯದಾಗಿ ಒಂದು ಸಲ ದೀಪ ಆರಿಸುತ್ತದೆ. ಎಲ್‌ಇಡಿಯನ್ನು 'ಡೆವ್‌ಎಮ್' ಪದ್ಧತಿಯಲ್ಲಿ ನೋಂದಾಯಿಸಿದ್ದರೆ ಆ ಕೊನೆಯ ಕರೆ ಬರೋದು ಡ್ರೈವರ್‌ನ 'ರಿಮೂವ್' ಮುಗಿದ ಮೇಲೆ. ರಿಮೂವ್‌ನಲ್ಲಿ ಬರೆದವರು ಲಾಕನ್ನು ನಾಶ ಮಾಡಿ, ಚಿಪ್‌ಗೆ ಕರೆಂಟನ್ನೂ ನಿಲ್ಲಿಸಿದ್ದರೆ? ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ ಲೈಟ್ ಆರಿಸೋಕೆ ವಾಪಸ್ ಹೋದ ಹಾಗಾಯಿತು.

ಈ ಮೂರನ್ನೂ ಹಿಡಿಯೋಕೆ ಡಾಕ್ಟರೇಟ್ ಬೇಡ. ಚಿಪ್‌ನ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದುವ ತಾಳ್ಮೆ ಬೇಕು, "ಇದು ಯಾಕೆ ಹೀಗೆ?" ಅಂತ ಎಲ್ಲರ ಮುಂದೆ ಕೇಳುವ ಧೈರ್ಯ ಬೇಕು. ಕರ್ನಲ್‌ನ ನಿಯಮಾವಳಿಯೇ ಇದಕ್ಕೆ ಬಾಗಿಲು ತೆರೆದಿದೆ: ನಿಜವಾಗಿ ಕೂತು ಪರಿಶೀಲಿಸಿದ ಯಾರು ಬೇಕಾದರೂ 'ರಿವ್ಯೂಡ್-ಬೈ' ಅಂತ ತಮ್ಮ ಹೆಸರು ಕೊಡಬಹುದು. ವಯಸ್ಸು, ಡಿಗ್ರಿ, ಕಂಪನಿ, ವೀಸಾ ಯಾವುದನ್ನೂ ಅದು ಕೇಳಲ್ಲ. ಕೇಳೋದು ಒಂದೇ, ಓದಿದ್ದೀರಾ?

ಆದರೆ ನಮ್ಮಲ್ಲಿ ಒಂದು ಸಂಕೋಚ ಇದೆ. ಸ್ನೇಹಿತರ ಕೋಡ್ ಕೈಗೆ ಬಂದರೆ "ಸೂಪರ್ ಗುರು" ಅಂತೀವಿ, ಇಲ್ಲ ಸುಮ್ಮನಿರ್ತೀವಿ. ತಪ್ಪು ತೋರಿಸಿದರೆ ಎಲ್ಲಿ ಬೇಜಾರು ಮಾಡ್ಕೋತಾರೋ, ದೊಡ್ಡವರಿಗೆ ಎದುರು ಮಾತಾಡಿದ ಹಾಗಾಗುತ್ತೋ ಅನ್ನೋ ಅಳುಕು. ಇದನ್ನು ನಮ್ಮ ಸಂಸ್ಕೃತಿ ಅಂತ ಹೇಳಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ತನ್ನ ಮೊದಲ ಪರಿಚ್ಛೇದವನ್ನೇ ಕಾವ್ಯದಲ್ಲಿ ಯಾವುದು ದೋಷ, ಯಾವುದಲ್ಲ ಅನ್ನೋ ವಿಚಾರಕ್ಕೆ ಮೀಸಲಿಟ್ಟಿದೆ. ದೋಷ ತೋರಿಸೋದು ಜಗಳವಲ್ಲ, ಅದೂ ಒಂದು ವಿದ್ಯೆ.

ಸುಮ್ಮನಿದ್ದರೆ ಏನು ನಷ್ಟ? 2021ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪ್ರಕರಣ ಸುದ್ದಿಯಾಗಿತ್ತು. ಅಲ್ಲಿನ ಸಂಶೋಧಕರು ಬೇಕಂತಲೇ ದೋಷ ಸೇರಿಸಿದ ಪ್ಯಾಚ್‌ಗಳನ್ನು ಕಳಿಸಿ, ಓದುವವರು ಹಿಡೀತಾರಾ ಅಂತ ಪರೀಕ್ಷೆ ಮಾಡಿದ್ದರು. ಆ ಏಪ್ರಿಲ್‌ನಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದ ಕೊಡುಗೆಗಳಿಗೇ ತಡೆ ಹಾಕಿದರು. ಸಂಶೋಧಕರು ಕ್ಷಮೆ ಕೇಳಿದರು. ಆದರೂ ಅಲ್ಲಿಂದ ಬಂದಿದ್ದ ಹಳೆಯ ಪ್ಯಾಚ್‌ಗಳನ್ನು ಹಲವರು ಮತ್ತೆ ಕೂತು ಓದಬೇಕಾಯಿತು. ಕೆಲವರ ಕೆಲಸಕ್ಕೆ ಇಡೀ ವಿಶ್ವವಿದ್ಯಾಲಯದ ಹೆಸರು ಬೆಲೆ ತೆತ್ತಿತು. ಓದುವವರು ಕಡಿಮೆಯಾದ ಕಡೆ ನಂಬಿಕೆ ಎಷ್ಟು ತೆಳುವಾಗಿರುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಈಗಂತೂ ಯಂತ್ರವೇ ನಿಮಿಷದಲ್ಲಿ ಡ್ರೈವರ್ ಬರೆದುಕೊಡುತ್ತದೆ. ಬರೆಯೋದು ಅಗ್ಗವಾದಷ್ಟೂ ಓದುವ ಕಣ್ಣಿಗೆ ಬೆಲೆ ಹೆಚ್ಚು.

"ಇದೆಲ್ಲ ಎಲ್ಲೋ ದೂರದ ದೊಡ್ಡವರ ವಿಷಯ" ಅನ್ನೋರಿಗೆ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಗಿದೆ ನಮ್ಮ ಕಥೆ. ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ನಮ್ಮಲ್ಲಿ ಹೋಗದವರು ಕಡಿಮೆ. ಅಲ್ಲಿಂದ ಕೆಲವೇ ಮೈಲಿ ದೂರದ ಗ್ರೀನ್‌ಬೆಲ್ಟ್‌ನಲ್ಲಿ ನಾಸಾದ ಗಾಡರ್ಡ್ ಕೇಂದ್ರ ಇದೆ. 1994ರಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಲ್ಲಿ ಹದಿನಾರು ಸಾಧಾರಣ ಕಂಪ್ಯೂಟರ್‌ಗಳನ್ನು ಲಿನಕ್ಸ್‌ನಿಂದ ಜೋಡಿಸಿ 'ಬೇವುಲ್ಫ್' ಕಟ್ಟಿದರು. ಲಿನಕ್ಸ್‌ನ ಹಲವು ಈಥರ್ನೆಟ್ ಡ್ರೈವರ್‌ಗಳನ್ನು ಬರೆದವರು ಇದೇ ಬೆಕರ್. ಅವರು ಬರೆದ ಒಂದು 3ಕಾಮ್ ಕಾರ್ಡಿನ ಡ್ರೈವರನ್ನು ಮುಂದೆ ತಿದ್ದಿ ನೋಡಿಕೊಂಡವರಲ್ಲಿ ಆಂಡ್ರೂ ಮಾರ್ಟನ್ ಒಬ್ಬರು. ಅದೇ ಮಾರ್ಟನ್ ನಂತರ 2.6 ಕರ್ನಲ್‌ನ ಹೊಣೆ ಹೊತ್ತರು. ಇನ್ನೊಬ್ಬರ ಕೋಡ್ ಓದಿ ತಿದ್ದೋದು ಸಣ್ಣ ಕೆಲಸ ಅನ್ನೋರು ಇದನ್ನು ನೆನಪಿಟ್ಟುಕೊಳ್ಳಲಿ.

ಹಾಗಂತ ರೆಸ್ಯೂಮೆಗೆ ಒಂದು ಸಾಲು ಸಿಗಲಿ ಅಂತ ಓದದೇ ಹೆಸರು ಹಾಕೋದು ಬೇಡ. ಅದು ನೋಡದೇ ಸಾಕ್ಷಿ ಸಹಿ ಹಾಕಿದ ಹಾಗೆ. ಮಾತಿನಲ್ಲೂ ಹದ ಇರಲಿ. "ಇದು ತಪ್ಪು" ಅನ್ನೋದಕ್ಕಿಂತ "ಹಾರ್ಟ್‌ಬೀಟ್ ಹಾಕಿದರೆ ಇಲ್ಲಿ ಏನಾಗುತ್ತೆ?" ಅಂತ ಕೇಳಿದರೆ ಬರೆದವರೇ ಖುಷಿಯಿಂದ ತಿದ್ದುತ್ತಾರೆ.

ನಮ್ಮ ಸಂಘ ಹಬ್ಬ ಮಾಡುತ್ತೆ, ನಾಟಕ ಆಡುತ್ತೆ, ಅಂತ್ಯಾಕ್ಷರಿ ಹಾಡುತ್ತೆ. ಅದರ ಜೊತೆ ತಿಂಗಳಿಗೆ ಒಂದು ಸಂಜೆ ಇದಕ್ಕೂ ಇರಲಿ. ಒಂದು ಎಲ್‌ಇಡಿ ಡ್ರೈವರ್, ಅದರ ಡೇಟಾಶೀಟ್, ಒಂದು ಫ್ಲಾಸ್ಕ್ ಕಾಫಿ. ಮೊದಲ ವರ್ಷದವರು ಸಾಲು ಓದಲಿ, ಹಿರಿಯರು ಕೇಳಲಿ, ಚರ್ಚೆ ಕನ್ನಡದಲ್ಲೇ ನಡೆಯಲಿ. ಇಂಗ್ಲಿಷಿನಲ್ಲಿ ತಲೆ ಆಡಿಸಿ ಸುಮ್ಮನಾಗೋ ನಾವು ಕನ್ನಡದಲ್ಲಿ "ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಅಂತ ಧೈರ್ಯವಾಗಿ ಕೇಳ್ತೀವಿ. ರಿವ್ಯೂ ಶುರುವಾಗೋದೇ ಆ ಪ್ರಶ್ನೆಯಿಂದ.